ಪಿಯುಸಿ ಆದ ಮೇಲೆ ಪ್ಯಾರಾ ಕಮಾಂಡೋ ಆಗಬೇಕು, ಯಾವ ದಾರಿಯಿಂದ ಹೋಗಲಿ?

ಹಾನಗಲ್_ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಹಾನಗಲ್ ತಾಲೂಕಿನವನು. ಮಾರ್ಚ್‌ನಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಬರೆದೆ. ವಯಸ್ಸು 17 ವರ್ಷ 10 ತಿಂಗಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ.

ನನಗೆ ಸೈನ್ಯಕ್ಕೇ ಹೋಗಬೇಕು. ಅದರಲ್ಲೂ ಎಲ್ಲಕ್ಕಿಂತ ಕಷ್ಟ ಇರುವ ಕಡೆಗೇ ಹೋಗಬೇಕು. ಪ್ಯಾರಾ ಎಸ್‌ಎಫ್ (ಪ್ಯಾರಾಚೂಟ್ ರೆಜಿಮೆಂಟಿನ ಸ್ಪೆಷಲ್ ಫೋರ್ಸ್) ಅಂತ ಮನಸ್ಸಿನಲ್ಲಿದೆ. 2016ರಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿಕೊಂಡಿದ್ದ ಹನುಮಂತಪ್ಪ ಕೊಪ್ಪದ ಅವರ ಸುದ್ದಿ ಬಂದಾಗ ನಾನು ಎರಡನೇ ಕ್ಲಾಸು. ಇಡೀ ಊರು ಟೀವಿ ಮುಂದೆ ಕೂತಿತ್ತು. ಅಪ್ಪ ಊಟ ಬಿಟ್ಟು ನೋಡುತ್ತಿದ್ದರು. ಅವತ್ತಿನಿಂದ ನನ್ನ ತಲೆಯಲ್ಲಿ ಬೇರೆ ಏನೂ ಕೂತಿಲ್ಲ.

ಅಪ್ಪನಿಗೆ ಎರಡು ಎಕರೆ ಹೊಲ, ಮೆಕ್ಕೆಜೋಳ ಹಾಕುತ್ತಾರೆ. ಅವರು "ಅಗ್ನಿವೀರ್ ಆದರೂ ಸರಿ, ಬೇಗ ಸೇರು" ಎನ್ನುತ್ತಾರೆ. ಅವ್ವ ಬೇಡವೇ ಬೇಡ ಎನ್ನುತ್ತಾಳೆ. ಕಾಲೇಜಿನ ಗೆಳೆಯ ಎನ್‌ಡಿಎ ಪರೀಕ್ಷೆ ಬರೆದು ಅಫೀಸರ್ ಆಗು ಎನ್ನುತ್ತಾನೆ. ಪ್ಯಾರಾ ಎಸ್‌ಎಫ್‌ಗೆ ಅರ್ಜಿ ಎಲ್ಲಿ ಹಾಕಬೇಕು? 1.6 ಕಿಲೋಮೀಟರ್ ಈಗ 6 ನಿಮಿಷ 40 ಸೆಕೆಂಡಿಗೆ ಓಡುತ್ತೇನೆ.

ಬಂಕಾಪುರ_ಬಸ್‌ಸ್ಟ್ಯಾಂಡ್
6.40 ಜಾಸ್ತಿ ಆಯ್ತು ತಮ್ಮ. ಮೊದಲು ಅದನ್ನು ಇಳಿಸು.

ಮಾಜಿ_ಹವಾಲ್ದಾರ
ತಮ್ಮಾ, ನಾನು ಮದ್ರಾಸ್ ರೆಜಿಮೆಂಟಿನಲ್ಲಿ 22 ವರ್ಷ ಇದ್ದು ಬಂದವನು. ನಿನ್ನ ಪ್ರಶ್ನೆಯನ್ನು ಮೊದಲು ಸ್ವಲ್ಪ ತಿದ್ದುತ್ತೇನೆ, ಬೇಜಾರಾಗಬೇಡ.

ಪ್ಯಾರಾ ಎಸ್‌ಎಫ್‌ಗೆ ಅಂತ ಬೇರೆ ಅರ್ಜಿ ಇಲ್ಲ. ನೀನು ಸೈನ್ಯಕ್ಕೆ ಸೇರಬೇಕು, ಆಮೇಲೆ "ನಾನು ಹೋಗುತ್ತೇನೆ" ಎಂದು ಕೈ ಎತ್ತಬೇಕು. ಅಫೀಸರ್ ಆದರೂ ಅಷ್ಟೆ, ಸಿಪಾಯಿ ಆದರೂ ಅಷ್ಟೆ. ಕೈ ಎತ್ತಿದ ಮೇಲೆ ಪ್ರೊಬೇಷನ್ ಇರುತ್ತದೆ, ತಿಂಗಳುಗಟ್ಟಲೆ. ನಿದ್ದೆ ಇರುವುದಿಲ್ಲ. ಬೆನ್ನ ಮೇಲೆ ಭಾರ ಹೊತ್ತು ರಾತ್ರಿಯಿಡೀ ನಡೆಸುತ್ತಾರೆ. ಹೋದವರಲ್ಲಿ ಜಾಸ್ತಿ ಜನ ವಾಪಸ್ ಬರುತ್ತಾರೆ. ವಾಪಸ್ ಬಂದವನು ತನ್ನ ಹಳೇ ಪಲ್ಟನ್ನಿನಲ್ಲಿ ಕೆಲಸ ಮುಂದುವರಿಸುತ್ತಾನೆ. ಅದರಲ್ಲಿ ಅವಮಾನ ಏನೂ ಇಲ್ಲ.

ಇನ್ನೊಂದು ಮಾತು. ಪ್ಯಾರಾ ಬೇರೆ, ಪ್ಯಾರಾ ಎಸ್‌ಎಫ್ ಬೇರೆ. ಇಬ್ಬರೂ ಮರೂನ್ ಟೋಪಿಯವರೇ, ಇಬ್ಬರೂ ಆಗ್ರಾದಲ್ಲಿ ವಿಮಾನದಿಂದ ಐದು ಸಲ ಹಾರಿ ರೆಕ್ಕೆ ಬ್ಯಾಡ್ಜ್ ಪಡೆಯುತ್ತಾರೆ. ಎದೆಯ ಮೇಲೆ 'ಬಲಿದಾನ' ಬ್ಯಾಡ್ಜ್ ಇರುವುದು ಎಸ್‌ಎಫ್‌ನವರಿಗೆ ಮಾತ್ರ.

ಹನುಮಂತಪ್ಪನ ಹೆಸರು ಹೇಳಿದೆಯಲ್ಲ. ಅವನು ಕುಂದಗೋಳ ತಾಲೂಕಿನ ಬೆಟದೂರಿನವನು, 19 ಮದ್ರಾಸ್. ಸೋನಮ್ ಪೋಸ್ಟ್‌ನಲ್ಲಿ ಆರು ದಿನ ಹಿಮದಡಿ ಇದ್ದ. ಅವನು ಕಮಾಂಡೋ ಅಲ್ಲಪ್ಪ. ಸಾಮಾನ್ಯ ಇನ್‌ಫೆಂಟ್ರಿ ಪಲ್ಟನ್ನಿನ ಲಾನ್ಸ್ ನಾಯಕ್. ಇದನ್ನು ತಲೆಯಲ್ಲಿಟ್ಟುಕೋ.

ಹಾನಗಲ್_ಹುಡುಗ
ಸರ್, ಇದು ನನಗೆ ಗೊತ್ತೇ ಇರಲಿಲ್ಲ. ನಾನು ಅವರು ಸ್ಪೆಷಲ್ ಫೋರ್ಸ್ ಅಂತಲೇ ತಿಳಿದುಕೊಂಡಿದ್ದೆ.

ಸ್ಯಾಪರ್_ತಂಬಿ
ಹವಾಲ್ದಾರ್ ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ರಿಕ್ರೂಟ್ ಆಗಿ ಸೇರಿದವರಲ್ಲಿ ಕೆಲವರು ನೇರ ಪ್ಯಾರಾ ರೆಜಿಮೆಂಟಿಗೂ ಹೋಗುತ್ತಾರೆ. ಅವರ ಟ್ರೈನಿಂಗ್ ಸೆಂಟರ್ ಬೆಂಗಳೂರಿನಲ್ಲೇ ಇದೆ. ಆದರೆ ಅಲ್ಲಿಗೂ ಪ್ರೊಬೇಷನ್ ತಪ್ಪಿದ್ದಲ್ಲ.

ನಾನು ಎಂಇಜಿ, ಅಂದರೆ ಮದ್ರಾಸ್ ಇಂಜಿನಿಯರ್ ಗ್ರೂಪ್, ಹಲಸೂರು ಕೆರೆ ಪಕ್ಕದ ಸೆಂಟರ್. 'ಕಷ್ಟದ ಬ್ರಾಂಚ್' ಎಂದರೆ ಹುಡುಗರೆಲ್ಲ ಕಮಾಂಡೋ ಹೆಸರನ್ನೇ ಹೇಳುತ್ತಾರೆ. ಮೈನ್ (ನೆಲಬಾಂಬ್) ತೆಗೆಯುವುದನ್ನು ಒಂದು ಸಲ ಹತ್ತಿರದಿಂದ ನೋಡಿ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗುತ್ತೇವೆ. ಕೈಯಲ್ಲಿ ಒಂದು ಕಡ್ಡಿ, ಅದನ್ನು ಪ್ರಾಡರ್ ಎನ್ನುತ್ತೇವೆ. ನೇರ ಚುಚ್ಚಬಾರದು. 30 ಡಿಗ್ರಿ ಓರೆಯಲ್ಲಿ, ಮೆಲ್ಲಗೆ. ಗಟ್ಟಿ ಏನಾದರೂ ತಾಗಿದರೆ ಅಲ್ಲೇ ನಿಲ್ಲಬೇಕು. ಕಲ್ಲೋ, ಮೈನೋ ಗೊತ್ತಿಲ್ಲ. ಬೆರಳಿನಿಂದ ಮಣ್ಣು ಬಿಡಿಸಿ ನೋಡಬೇಕು. ಬೆವರು ಕಣ್ಣಿಗೆ ಇಳಿಯುತ್ತಿರುತ್ತದೆ, ಒರೆಸಿಕೊಳ್ಳಲು ಕೈ ಖಾಲಿ ಇಲ್ಲ. ಒಂದು ಗಂಟೆಗೆ ಎಷ್ಟು ದೂರ ಹೋದೆ ಎಂದು ಕೇಳಿದರೆ ಹೇಳಲು ನಾಚಿಕೆ ಆಗುವಷ್ಟು ಕಡಿಮೆ. ಅವಸರದವನಿಗೆ ಆ ಕೆಲಸ ಆಗುವುದಿಲ್ಲ. ಎಷ್ಟೇ ಜೋರಾಗಿ ಓಡಿದರೂ ಆಗುವುದಿಲ್ಲ.

ಅಂಕೋಲೆಯ_ಅಲೆ
ಎಲ್ಲರೂ ಬರೀ ಆರ್ಮಿ ಆರ್ಮಿ ಎನ್ನುತ್ತಿದ್ದೀರಿ. ನೌಕಾಪಡೆ ಕಣ್ಣಿಗೆ ಬೀಳುವುದೇ ಇಲ್ವಾ? ಕಾರವಾರದ ಪಕ್ಕದಲ್ಲೇ ಐಎನ್‌ಎಸ್ ಕದಂಬ ಇದೆ. ವಿಕ್ರಮಾದಿತ್ಯದಂಥ ಹಡಗು ಬಂದು ನಿಲ್ಲುವ ಜಾಗ. ಆದರೂ ನಮ್ಮ ಉತ್ತರ ಕನ್ನಡದ ಹುಡುಗರಲ್ಲೇ ನೇವಿ ಬಗ್ಗೆ ಕೇಳುವವರು ಕಡಿಮೆ.

ನೌಕಾಪಡೆಯ ಕಮಾಂಡೋ ದಳ ಮಾರ್ಕೋಸ್ ಶುರುವಾಗಿದ್ದು 1987ರಲ್ಲಿ. ಮುಂಬೈಯ ಐಎನ್‌ಎಸ್ ಅಭಿಮನ್ಯು ಅವರ ನೆಲೆ. ನೀರು, ಆಕಾಶ, ನೆಲ ಮೂರೂ ಕಲಿಯಬೇಕು.

ನಮ್ಮ ಅಣ್ಣ ಸಬ್‌ಮರೀನ್‌ನಲ್ಲಿ ಇದ್ದಾನೆ. ಅದೂ ಕೈ ಎತ್ತಿ ಹೋಗುವ ಕೆಲಸವೇ. ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನದಲ್ಲಿ ತರಬೇತಿ. ಒಳಗೆ ಹೋದರೆ ಸೂರ್ಯ ಕಾಣುವುದಿಲ್ಲ. ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗುತ್ತಾನೆ. ಸ್ನಾನಕ್ಕೆ ನೀರು ಲೆಕ್ಕ ಹಾಕಿ. ರಜೆಗೆ ಬಂದಾಗ ಅವನು ಮೊದಲು ಮಾಡುವುದು ಬಾವಿ ಕಟ್ಟೆಯ ಮೇಲೆ ನಿಂತು ಕೊಡಗಟ್ಟಲೆ ತಲೆಗೆ ಸುರಿದುಕೊಳ್ಳುವುದು. ಅಮ್ಮ ಸುಮ್ನೆ ನೋಡುತ್ತಾ ನಿಂತಿರುತ್ತಾಳೆ. ಸಾಕು ಎನ್ನುವುದಿಲ್ಲ.

ಬೆಳಗಾವಿ_ಗಲ್ಲಿ
ಕಷ್ಟದ ಕೆಲಸ ಸರಿ. ಆದರೆ ಹುಡುಗನಿಗೆ ಲೆಕ್ಕ ಹೇಳುವವರು ಯಾರು? ಅಪ್ಪ ಅಗ್ನಿವೀರ್ ಎಂದಿದ್ದಾರೆ. ನಾಲ್ಕು ವರ್ಷದ ಕೆಲಸ ಅದು. ಮುಗಿದ ಮೇಲೆ 25 ಪರ್ಸೆಂಟ್ ಜನರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ನಾಲ್ವರಲ್ಲಿ ಮೂವರು ಮನೆಗೆ. ಪಿಂಚಣಿ ಇಲ್ಲ. ಕಮಾಂಡೋ ಆಗಬೇಕೆಂದು ಪ್ರಾಣ ಕೊಟ್ಟು ಕಲಿತವನನ್ನು 22ನೇ ವಯಸ್ಸಿಗೆ ಬಸ್ ಹತ್ತಿಸಿದರೆ ಹೇಗೆ? ನನಗಂತೂ ಇದು ಸರಿ ಕಾಣುವುದಿಲ್ಲ.

ಕುಷ್ಟಗಿ_ಕರಿಕಲ್ಲು
@ಬೆಳಗಾವಿ_ಗಲ್ಲಿ ಪೂರ್ತಿ ಲೆಕ್ಕ ಹೇಳಿ ಮಾರಾಯರೇ, ಅರ್ಧ ಹೇಳಬೇಡಿ. ನನ್ನ ತಮ್ಮ ಈಗ ಅಗ್ನಿವೀರ್. ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ 9,000 ಸೇವಾ ನಿಧಿಗೆ ಹೋಗುತ್ತದೆ, ಕೈಗೆ 21,000. ನಾಲ್ಕನೇ ವರ್ಷ 40,000. ಇವನು ಹಾಕಿದಷ್ಟೇ ಸರ್ಕಾರವೂ ಹಾಕುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.7 ಲಕ್ಷ, ತೆರಿಗೆ ಇಲ್ಲ. 48 ಲಕ್ಷದ ವಿಮೆ ಇದೆ. ನಮ್ಮೂರಲ್ಲಿ ಡಿಗ್ರಿ ಮುಗಿಸಿದ ಹುಡುಗರು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಎಷ್ಟಕ್ಕೆ ದುಡಿಯುತ್ತಾರೆ ಎಂದು ನನಗೆ ಗೊತ್ತು. ಎಲ್ಲರೂ ಬೆಳಗಾವಿಯಲ್ಲಿ ಇರುವುದಿಲ್ಲ.

ಬೆಳಗಾವಿ_ಗಲ್ಲಿ
ದುಡ್ಡಿನ ಮಾತಲ್ಲ ನಂದು. 22ಕ್ಕೆ ವಾಪಸ್ ಬಂದವನು ಆಮೇಲೆ ಏನು ಮಾಡಬೇಕು ಎನ್ನುವುದು ನನ್ನ ಪ್ರಶ್ನೆ. ನಮ್ಮ ಓಣಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾದವರು ಎಷ್ಟೋ ಜನ ಇದ್ದಾರೆ. ಪಿಂಚಣಿ ಇದ್ದದ್ದರಿಂದ ಮಕ್ಕಳನ್ನು ಓದಿಸಿದರು, ಮನೆ ಕಟ್ಟಿದರು. ಆ ಭರವಸೆಯ ಮೇಲೆ ತಾನೇ ಸಿಯಾಚಿನ್‌ನಲ್ಲಿ ನಿಂತಿದ್ದು?

ಮಾಜಿ_ಹವಾಲ್ದಾರ
ಇಬ್ಬರ ಮಾತೂ ಹುಡುಗ ಕೇಳಿಸಿಕೊಳ್ಳಲಿ. ಆದರೆ ಭರವಸೆ ಮೇಲೆ ನಿಂತಿದ್ದು ಎಂದಿರಲ್ಲ, ಅಲ್ಲಿ ನಿಂತಾಗ ಪಿಂಚಣಿ ನೆನಪಿಗೆ ಬರುವುದಿಲ್ಲ ಸರ್. ನಾನು ಮೇಲೆ ಇದ್ದೆ. ಡೇರೆಯೊಳಗೆ ಸೀಮೆಎಣ್ಣೆ ಬುಖಾರಿ, ಅಂದರೆ ಚಳಿ ಕಾಯಿಸುವ ಒಲೆ. ಬೆಳಿಗ್ಗೆ ಉಗುಳಿದರೆ ಕಪ್ಪು ಬರುತ್ತದೆ. ಬರಿಗೈಯಲ್ಲಿ ರೈಫಲ್ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಹಗ್ಗ ಕಟ್ಟಿಕೊಂಡು ಸಾಲಾಗಿ ನಡೆಯುತ್ತೇವೆ. ಮುಂದಿನವನು ಬಿರುಕಿಗೆ ಬಿದ್ದರೆ ಹಿಂದಿನವನ ಸೊಂಟಕ್ಕೆ ಜಗ್ಗುತ್ತದೆ. ಅಲ್ಲಿ ನೆನಪಿರುವುದು ಆ ಹಗ್ಗ ಒಂದೇ.

ತುಂಗಭದ್ರೆ
ಓದಿ ಕಣ್ಣು ತುಂಬಿತು ಸರ್. ನಿಮಗೆ ನಮಸ್ಕಾರ.

ಎರಡು_ಸಲ_ಎಸ್‌ಎಸ್‌ಬಿ
ಹಾನಗಲ್ ತಮ್ಮ, ನಿನ್ನ ವಯಸ್ಸು ನೋಡಿ ಗಾಬರಿಯಾಯಿತು. ಯಾರೂ ಇದನ್ನು ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎನ್‌ಡಿಎ ಕೋರ್ಸ್ ಶುರುವಾಗುವಾಗ ವಯಸ್ಸು 16½ ರಿಂದ 19½ ಒಳಗಿರಬೇಕು. ಪರೀಕ್ಷೆ ಬರೆಯುವ ದಿನದ ವಯಸ್ಸಲ್ಲ, ಕೋರ್ಸ್ ಶುರುವಾಗುವ ದಿನದ್ದು. ಈ ಸೆಪ್ಟೆಂಬರ್‌ನಲ್ಲಿ ಬರೆದರೆ ಕೋರ್ಸ್ ಬರುವ ವರ್ಷ ಜುಲೈಯಲ್ಲಿ. ಆಗ ನಿನಗೆ 19 ವರ್ಷ ಒಂದು ತಿಂಗಳು. ಸರಿ ಹೋಗುತ್ತದೆ. ಅದನ್ನು ಬಿಟ್ಟು ಬರುವ ಏಪ್ರಿಲ್‌ನಲ್ಲಿ ಬರೆಯುತ್ತೇನೆ ಎಂದರೆ ಕೋರ್ಸ್ ಅದರ ಮುಂದಿನ ಜನವರಿಗೆ. ಆಗ 19 ವರ್ಷ 7 ತಿಂಗಳು. ಬಾಗಿಲು ಮುಚ್ಚಿತು. ಅಂದರೆ ನಿನಗಿರುವುದು ಒಂದೇ ಒಂದು ಅವಕಾಶ.

ಅರ್ಜಿ ಮೇ, ಜೂನ್ ಹೊತ್ತಿಗೆ ಬಿಡುತ್ತಾರೆ. ಯುಪಿಎಸ್‌ಸಿ ವೆಬ್‌ಸೈಟಿನಲ್ಲಿ, ಶುಲ್ಕ 100 ರೂಪಾಯಿ. ಗಣಿತ 300 ಅಂಕ, ಜನರಲ್ ಎಬಿಲಿಟಿ 600 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸುಮ್ನೆ ಗುರುತು ಹಾಕಬೇಡ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇಲ್ಲ. ಅದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ. ಅಗ್ನಿವೀರ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಅಫೀಸರ್ ಪರೀಕ್ಷೆಯನ್ನು ಬರೆಯುವಂತಿಲ್ಲ. ಹಳ್ಳಿ ಹುಡುಗ ಎಲ್ಲಿಗೆ ಹೋಗಬೇಕು ಎಂದು ಅಲ್ಲೇ ತೀರ್ಮಾನ ಆದ ಹಾಗೆ.

ಪಾಸಾದರೆ ಎಸ್‌ಎಸ್‌ಬಿ, ಅಂದರೆ ಅಫೀಸರ್ ಆಯ್ಕೆಯ ಸಂದರ್ಶನ, ಐದು ದಿನ, 900 ಅಂಕ. ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಜನರನ್ನು ಕಳಿಸಿಬಿಡುತ್ತಾರೆ. ಉಳಿದವರಿಗೆ 60 ಪದ ತೋರಿಸುತ್ತಾರೆ, ಒಂದೊಂದಕ್ಕೆ 15 ಸೆಕೆಂಡು, ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ನಾನು ಎರಡು ಸಲ ಕೊನೆಯ ದಿನದವರೆಗೆ ಹೋಗಿ ವಾಪಸ್ ಬಂದೆ. ಮೊದಲ ಸಲ ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿಸಿದ ವಾಕ್ಯಗಳನ್ನೇ ಬರೆದಿದ್ದೆ. ಎರಡನೇ ಸಲ ನನ್ನದೇ ಬರೆದೆ, ಆದರೂ ಆಗಲಿಲ್ಲ. ಈಗ ಡಿಗ್ರಿ ಕೊನೇ ವರ್ಷ, ಡಿಗ್ರಿಯವರ ಅಫೀಸರ್ ಪರೀಕ್ಷೆ ಸಿಡಿಎಸ್ ಬರೆಯುತ್ತಿದ್ದೇನೆ. ಬಿಡುವ ಮಾತಿಲ್ಲ.

ಹಾನಗಲ್_ಹುಡುಗ
ಅಣ್ಣಾ, ನಾನು ಬರುವ ವರ್ಷ ಬರೆದರಾಯಿತು ಎಂದುಕೊಂಡಿದ್ದೆ. ನೀವು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಗಣಿತ ನನಗೆ ಅಷ್ಟು ಸರಿ ಬರುವುದಿಲ್ಲ. ಟ್ರಿಗನಾಮೆಟ್ರಿ ಸರಿ, ಕ್ಯಾಲ್ಕುಲಸ್ ಭಯ.

ಎರಡು_ಸಲ_ಎಸ್‌ಎಸ್‌ಬಿ
ಐದು ತಿಂಗಳಿದೆ. ಮೊದಲು ಫಸ್ಟ್ ಪಿಯು ಗಣಿತ ಪುಸ್ತಕ ತೆಗೆ. ಹಳೇ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಹತ್ತು ಪತ್ರಿಕೆ ಸಮಯ ಇಟ್ಟುಕೊಂಡು ಬಿಡಿಸು. ಗಣಿತಕ್ಕೆ ಎರಡೂವರೆ ಗಂಟೆಯಲ್ಲಿ 120 ಪ್ರಶ್ನೆ.

ಶಿರಸಿ_ಶಾಲ್ಮಲಾ
ಇವನು ಜೆಇಇ ಬರೆದಿದ್ದರೆ ಟೆಕ್ನಿಕಲ್ ಎಂಟ್ರಿ ಇತ್ತು ಅಲ್ವಾ? ಎನ್‌ಡಿಎ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ. ನೇವಿಯಲ್ಲೂ ಕೇರಳದ ಎಳಿಮಲದಲ್ಲಿ ಬಿಟೆಕ್ ಎಂಟ್ರಿ ಇದೆ.

ಹಾನಗಲ್_ಹುಡುಗ
ಜೆಇಇ ಬರೆದಿಲ್ಲ ಅಕ್ಕಾ. ಸಿಇಟಿ ಮಾತ್ರ.

ಕಣ್ಣಿನ_ಡಾಕ್ಟ್ರು
ನಾನು ತಾಲೂಕು ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯೆ. ಪ್ರತಿ ವರ್ಷ ಒಂದೇ ಸಂಕಟ ನೋಡುತ್ತೇನೆ. ಎರಡು ವರ್ಷ ಓಡಿ, ಅಕಾಡೆಮಿಗೆ ದುಡ್ಡು ಕಟ್ಟಿ, ಪರೀಕ್ಷೆ ಪಾಸಾಗಿ, ಮೆಡಿಕಲ್‌ನಲ್ಲಿ ಬಣ್ಣ ಗುರುತಿಸಲು ಆಗದೆ ಹೊರಬಿದ್ದ ಹುಡುಗರು. ಅವರಿಗೆ ಅಲ್ಲಿಯವರೆಗೆ ತಮಗೆ ಬಣ್ಣಗುರುಡು ಇದೆ ಅಂತಲೇ ಗೊತ್ತಿರುವುದಿಲ್ಲ. ಹುಟ್ಟಿನಿಂದ ಹಾಗೇ ನೋಡಿದವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಚಿಕಿತ್ಸೆ ಇಲ್ಲ. ಗಂಡು ಮಕ್ಕಳಲ್ಲೇ ಅದು ಜಾಸ್ತಿ.

ಪರೀಕ್ಷೆ ಐದು ನಿಮಿಷದ್ದು. ಚುಕ್ಕೆಗಳ ಪುಸ್ತಕ ಇಡುತ್ತೇವೆ, ಚುಕ್ಕೆಗಳ ನಡುವೆ ಅಂಕಿ ಕಾಣಬೇಕು, ಅಷ್ಟೆ. ಯಾವ ಬ್ರಾಂಚ್ ಎಂದು ಯೋಚಿಸುವ ಮೊದಲು ಇದನ್ನು ಮಾಡಿಸಿಕೋ ಮಗಾ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದರೆ ಸಾಕು. ಹಾಗೇ ಮಂಡಿ ತಾಗುತ್ತದೆಯೇ, ಪಾದ ಚಪ್ಪಟೆಯಾಗಿದೆಯೇ, ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದೂ ತೋರಿಸು. ಕಿವಿ ತೊಳೆಸಬಹುದು, ಬಣ್ಣಗುರುಡು ವಾಸಿ ಮಾಡಲು ಆಗುವುದಿಲ್ಲ.

ಬಂಕಾಪುರ_ಬಸ್‌ಸ್ಟ್ಯಾಂಡ್
ಡಾಕ್ಟ್ರ ಮಾತು ಲಕ್ಷ ರೂಪಾಯಿದು. ಮೆಡಿಕಲ್ ಆಗದೆ ಪ್ಯಾರಾ ಕನಸು ಕಂಡರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಮಲೆನಾಡ_ಮಿಂಚು
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹುಡುಗಿಯರ ಕಥೆ ಏನು? ನಾನೂ ಈಗ ಸೆಕೆಂಡ್ ಪಿಯುಸಿ ಮುಗಿಸಿದೆ, ತೀರ್ಥಹಳ್ಳಿ ಕಡೆ.

ಕೊಡಗಿನ_ಕಾಫಿ
ತಂಗಿ, 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎನ್‌ಡಿಎ ಹುಡುಗಿಯರಿಗೂ ತೆರೆದಿದೆ. ಮೊದಲ ತಂಡ 2022ರಲ್ಲಿ ಸೇರಿತು. 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದಿಂದ ಎನ್‌ಡಿಎ ಮುಗಿಸಿ 17 ಹುಡುಗಿಯರು ಹೊರಬಂದರು. ಯುದ್ಧವಿಮಾನ ಹಾರಿಸುವವರಲ್ಲಿ ಹೆಣ್ಣುಮಕ್ಕಳು 2016ರಿಂದಲೇ ಇದ್ದಾರೆ. ಸಿಪಾಯಿ ದರ್ಜೆಯಲ್ಲಿ ಮಿಲಿಟರಿ ಪೊಲೀಸ್ ಇದೆ. ಅವರ ಸೆಂಟರ್ ಬೆಂಗಳೂರಿನಲ್ಲಿ, ಮೊದಲ ತಂಡದ 83 ಮಹಿಳೆಯರು 2021ರಲ್ಲಿ ಅಲ್ಲಿಂದಲೇ ಬಂದರು. ಇನ್‌ಫೆಂಟ್ರಿ ಇನ್ನೂ ತೆರೆದಿಲ್ಲ.

ನಮ್ಮ ಮನೆಯಲ್ಲಿ ಮೂರು ತಲೆಮಾರು ಸೈನ್ಯ. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ಕೇಳುತ್ತಾ ಬೆಳೆದವರು ನಾವು. ಆದರೆ ನನ್ನ ತಂಗಿ ಎನ್‌ಸಿಸಿಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಮೊದಲು ಬೇಡ ಎಂದವರೂ ನಾವೇ. ಅದು ತಪ್ಪಾಯಿತು ಎಂದು ಈಗ ಅನಿಸುತ್ತದೆ. ಬರಿ ತಂಗಿ ಅರ್ಜಿ.

ಮಲೆನಾಡ_ಮಿಂಚು
ಥ್ಯಾಂಕ್ಸ್ ಅಣ್ಣ. ನನಗೆ ಫ್ಲೈಯಿಂಗ್ ಆಸೆ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಇದೆ.

ಎರಡು_ಸಲ_ಎಸ್‌ಎಸ್‌ಬಿ
@ಮಲೆನಾಡ_ಮಿಂಚು ಒಳ್ಳೆಯದಾಯಿತು. ನೇವಿಗೂ ಏರ್‌ಫೋರ್ಸ್‌ಗೂ ಪಿಸಿಎಂ ಬೇಕೇ ಬೇಕು. ಆರ್ಮಿಗೆ ಆರ್ಟ್ಸ್, ಕಾಮರ್ಸ್ ಆದರೂ ನಡೆಯುತ್ತದೆ. ಏರ್‌ಫೋರ್ಸ್ ಸಂದರ್ಶನದ ಒಂದು ಕೇಂದ್ರ ಮೈಸೂರಿನಲ್ಲೇ ಇದೆ. ಆದರೆ ಪೈಲಟ್ ಆಯ್ಕೆಯ ಯಂತ್ರದ ಪರೀಕ್ಷೆ ಒಂದಿದೆ, ಸಿಪಿಎಸ್‌ಎಸ್. ಜೀವನದಲ್ಲಿ ಒಂದೇ ಸಲ. ಅದರಲ್ಲಿ ಆಗದಿದ್ದರೆ ಮತ್ತೆ ಫ್ಲೈಯಿಂಗ್‌ಗೆ ಕೂರುವಂತಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಹೋಗಿ.

ಕುಷ್ಟಗಿ_ಕರಿಕಲ್ಲು
ಏರ್‌ಫೋರ್ಸ್‌ಗೂ ಕಮಾಂಡೋ ಇದ್ದಾರೆ. ಗರುಡ್, 2004ರಿಂದ. ಅದನ್ನೂ ಹುಡುಗ ತಿಳಿದುಕೊಂಡಿರಲಿ.

ಗದಗ_ಗಾಳಿ
ದಲ್ಲಾಳಿಗಳ ಬಗ್ಗೆ ಹೇಳಲೇಬೇಕು. ನನ್ನ ಅಕ್ಕನ ಮಗನಿಗೆ ಒಬ್ಬ "ಮೆಡಿಕಲ್ ನಾನು ನೋಡಿಕೊಳ್ಳುತ್ತೇನೆ" ಎಂದು ಎರಡೂವರೆ ಲಕ್ಷ ತೆಗೆದುಕೊಂಡ. ಭಾವ ಎತ್ತು ಮಾರಿ ಕೊಟ್ಟಿದ್ದು. ಫೋನ್ ಸ್ವಿಚ್ ಆಫ್. ಹುಡುಗ ತನ್ನ ಶಕ್ತಿಯ ಮೇಲೇ ಆಯ್ಕೆ ಆಗುವವನಿದ್ದ, ಆ ಗಲಾಟೆಯಲ್ಲಿ ಮನಸ್ಸು ಮುರಿದು ರ್‍ಯಾಲಿಗೇ ಹೋಗಲಿಲ್ಲ. ಸೈನ್ಯಕ್ಕೆ ಸೇರಲು ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಯಾರಾದರೂ ಕೇಳಿದರೆ ಅವನು ಕಳ್ಳ. ಅದರಲ್ಲಿ ಎರಡನೇ ಮಾತಿಲ್ಲ.

ತುಂಗಭದ್ರೆ
ನಿಜ. ನಮ್ಮ ಕಡೆಯೂ ಇದೇ ಕಥೆ.

ಯೋಧನ_ಅವ್ವ
ನಾನು ಬರೆಯುವುದು ಕಡಿಮೆ. ಈ ಹುಡುಗನ ಅವ್ವ ಬೇಡ ಎಂದಿದ್ದನ್ನು ಓದಿ ಬರೆಯಬೇಕು ಅನಿಸಿತು. ನನ್ನ ಮಗ ಆರ್ಮಿಯಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ನಾನೂ ಬೇಡ ಎಂದಿದ್ದೆ. ಮೂರು ದಿನ ಅವನೊಡನೆ ಮಾತಾಡಲಿಲ್ಲ. ಅವನು ಜಗಳ ಮಾಡಲಿಲ್ಲ. ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡಿ ಬಂದು, ನಾನು ಏಳುವಷ್ಟರಲ್ಲಿ ನೀರು ತುಂಬಿ, ಒಲೆ ಹಚ್ಚಿರುತ್ತಿದ್ದ. ನಾಲ್ಕನೇ ದಿನ ನಾನೇ ರೊಟ್ಟಿ ಮೇಲೆ ಬೆಣ್ಣೆ ಇಟ್ಟು ಕೊಟ್ಟೆ.

ಮಗಾ, ನಿನ್ನ ಅವ್ವನಿಗೆ ಕಮಾಂಡೋ ವಿಡಿಯೋ ತೋರಿಸಬೇಡ. ಆಕೆಗೆ ಭಯ ಜಾಸ್ತಿ ಆಗುತ್ತದೆ. ಎಷ್ಟು ತಿಂಗಳಿಗೊಮ್ಮೆ ರಜೆ, ಫೋನ್ ಯಾವಾಗ ಮಾಡಬಹುದು, ಊಟ ಏನು ಕೊಡುತ್ತಾರೆ, ಅದನ್ನು ಹೇಳು. ನಮಗೆ ಬೇಕಾಗಿರುವುದು ಅದು.

ಹಾನಗಲ್_ಹುಡುಗ
ಅಮ್ಮಾ, ನಾನು ಮಾಡಿದ್ದು ಅದೇ ತಪ್ಪು. ವಿಡಿಯೋ ತೋರಿಸಿದ್ದೆ.

ಅಂಕೋಲೆಯ_ಅಲೆ
ಊಟದ ಮಾತು ಬಂತಲ್ಲ, ನಮ್ಮ ಅಣ್ಣ ಮೊದಲ ಸಲ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ಟ್ರೈನಿಂಗ್‌ಗೆ ಹೋದಾಗ ಮೀನು ಸಾರಿಲ್ಲ ಎಂದು ಒಂದು ವಾರ ಅತ್ತಿದ್ದ. ಈಗ ಆಲೂ ಪರಾಠ ಇಲ್ಲದಿದ್ದರೆ ಆಗುವುದಿಲ್ಲ.

ಸ್ಯಾಪರ್_ತಂಬಿ
ನಮ್ಮ ಸೆಂಟರ್‌ನಲ್ಲಿ ಸಾಂಬಾರ್ ಸಿಗುತ್ತದೆ. ಆ ಲೆಕ್ಕದಲ್ಲಿ ಎಂಇಜಿಯೇ ಒಳ್ಳೆಯದು.

ಮಾಜಿ_ಹವಾಲ್ದಾರ
ವೆಲ್ಲಿಂಗ್ಟನ್‌ನಲ್ಲೂ ಸಿಗುತ್ತದೆ ತಂಬಿ, ನಮ್ಮ ಮದ್ರಾಸ್ ರೆಜಿಮೆಂಟಿನ ಸೆಂಟರ್ ಅದು! ಊಟ ಬಿಡಿ, ಹಿಂದಿ ಕಲಿಯುವುದು ಮುಖ್ಯ. ನಾನು ಹೋದಾಗ 'ಪೀಛೆ ಮುಡ್' ಎಂದರೆ ಏನೆಂದು ಗೊತ್ತಿರಲಿಲ್ಲ. ಪಕ್ಕದವನನ್ನು ನೋಡಿಕೊಂಡು ತಿರುಗುತ್ತಿದ್ದೆ. ಅವನು ಸೇಲಂನವನು, ಅವನಿಗೂ ಗೊತ್ತಿರಲಿಲ್ಲ. ಇಬ್ಬರೂ ಆರು ತಿಂಗಳಲ್ಲಿ ಕಲಿತೆವು. ಮೂರು ತಿಂಗಳು ಹಿಂದಿ ರೇಡಿಯೋ ಕೇಳು, ಸಾಕು.

ಬೆಳಗಾವಿ_ಗಲ್ಲಿ
ನಾನು ಅಗ್ನಿವೀರ್ ವಿರುದ್ಧ ಬರೆದಿದ್ದೆ, ಆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಈ ಹುಡುಗನಿಗೆ ನನ್ನ ಸಲಹೆ ಇದು. ಸೆಪ್ಟೆಂಬರ್‌ವರೆಗೆ ಎನ್‌ಡಿಎ ಮಾತ್ರ ಓದು. ಜೊತೆಗೆ ಹತ್ತಿರದ ಕಾಲೇಜಿನಲ್ಲಿ ಡಿಗ್ರಿಗೆ ಹೆಸರು ಹಚ್ಚು, ಎನ್‌ಸಿಸಿ ಇರುವ ಕಾಲೇಜು ನೋಡಿ ಸೇರು. ಎನ್‌ಡಿಎ ಆಗದಿದ್ದರೆ ಡಿಗ್ರಿ ಮುಗಿಸಿ ಸಿಡಿಎಸ್, ಇಲ್ಲವೇ ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿಗೆ ಹೋಗಬಹುದು. ಪ್ಯಾರಾ ಎಸ್‌ಎಫ್‌ಗೆ ಅಫೀಸರ್ ಆಗಿಯೂ ಕೈ ಎತ್ತಬಹುದು ಎಂದರಲ್ಲ ಸಾಹೇಬರು. 22ಕ್ಕೆ ಮನೆಗೆ ಬರುವ ಬದಲು 22ಕ್ಕೆ ಲೆಫ್ಟಿನೆಂಟ್ ಆಗು.

ಕುಷ್ಟಗಿ_ಕರಿಕಲ್ಲು
ಡಿಗ್ರಿ ಮೂರು ವರ್ಷ, ಆ ಮೂರು ವರ್ಷ ಮನೆ ನಡೆಸುವವರು ಯಾರು? ಎರಡು ಎಕರೆ ಮೆಕ್ಕೆಜೋಳ ಎಂದು ಅವನೇ ಬರೆದಿದ್ದಾನೆ. ಮಳೆ ಕೈ ಕೊಟ್ಟರೆ ಗೊತ್ತಲ್ಲ. ನನ್ನ ತಮ್ಮ ತಿಂಗಳು ತಿಂಗಳು ಕಳಿಸುವ ಹದಿನೈದು ಸಾವಿರದಲ್ಲಿ ಸೊಸೈಟಿ ಸಾಲ ತೀರಿತು. ಅದೂ ಲೆಕ್ಕಕ್ಕೆ ಬರಲಿ. ಎನ್‌ಡಿಎ ಬರೆಯಲಿ, ನಾನೂ ಬೇಡ ಎನ್ನುವುದಿಲ್ಲ. ಅಗ್ನಿವೀರ್ ಅರ್ಜಿ ಬಿಟ್ಟಾಗ ಅದನ್ನೂ ತುಂಬಲಿ.

ಬೆಳಗಾವಿ_ಗಲ್ಲಿ
ಈ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಒಪ್ಪಿದೆ. ಎರಡೂ ತುಂಬಲಿ. ಆದರೆ ಎನ್‌ಡಿಎ ಓದು ನಿಲ್ಲಬಾರದು.

ಮಾಜಿ_ಹವಾಲ್ದಾರ
ಬೆಳಗಾವಿಯವರೇ, ಕುಷ್ಟಗಿಯವರೇ, ಹೀಗೆ ಒಪ್ಪಿಕೊಂಡಿರಲ್ಲ, ಸಂತೋಷ.

ತಮ್ಮಾ, ಓಟದ ಬಗ್ಗೆ ಹೇಳುತ್ತೇನೆ. ರ್‍ಯಾಲಿಯಲ್ಲಿ 1.6 ಕಿಲೋಮೀಟರ್ 5 ನಿಮಿಷ 30 ಸೆಕೆಂಡ್ ಒಳಗೆ ಓಡಿದರೆ ಪೂರ್ತಿ 60 ಅಂಕ. ಬೀಮ್ ಹಿಡಿದು ಹತ್ತು ಸಲ ಮೈ ಮೇಲಕ್ಕೆ ಎಳೆದರೆ 40. ಒಂಬತ್ತು ಅಡಿ ಹಳ್ಳ ಹಾರಬೇಕು. ನೀನು 6.40ರಲ್ಲಿದ್ದೀಯ. ಆಗುತ್ತದೆ, ಆದರೆ ದಿನಾ ಅದೇ 1.6 ಓಡಿದರೆ ಆಗುವುದಿಲ್ಲ. ವಾರಕ್ಕೆ ಎರಡು ದಿನ 400 ಮೀಟರ್ ಜೋರಾಗಿ, ನಡುವೆ ಎರಡು ನಿಮಿಷ ನಡಿಗೆ, ಆರು ಸಲ. ಒಂದು ದಿನ ಐದಾರು ಕಿಲೋಮೀಟರ್ ನಿಧಾನ. ಒಂದು ದಿನ ಪೂರ್ತಿ ವಿಶ್ರಾಂತಿ. ಡಾಂಬರು ರಸ್ತೆ ಬೇಡ, ಮೊಳಕಾಲಿನ ಕೆಳಗೆ ಮೂಳೆ ನೋವು ಹಿಡಿದರೆ ಎರಡು ತಿಂಗಳು ಹೋಯಿತು.

ಗದಗ_ಗಾಳಿ
ಇದು ನಿಜ. ನಾನು ಸೇರಿದ್ದ ಒಂದು ಅಕಾಡೆಮಿಯಲ್ಲಿ ದಿನಾ ಹೈವೇ ಮೇಲೆ ಹತ್ತು ಕಿಲೋಮೀಟರ್ ಓಡಿಸಿದರು. 40 ಹುಡುಗರಲ್ಲಿ ಹತ್ತಾರು ಜನಕ್ಕೆ ಕಾಲು ಹೋಯಿತು. ನನ್ನದೂ.

ಹಾನಗಲ್_ಹುಡುಗ
ಎಲ್ಲರಿಗೂ ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ. ಸೋಮವಾರ ಆಸ್ಪತ್ರೆಗೆ ಹೋಗಿದ್ದೆ. ಚುಕ್ಕೆಗಳ ಪುಸ್ತಕ ತೋರಿಸಿದರು. ಮೊದಲನೇ ಪುಟದಲ್ಲಿ 12 ಎಂದು ಹೇಳುವಾಗ ಗಂಟಲು ಒಣಗಿತ್ತು. ಎಲ್ಲ ಅಂಕಿಯೂ ಕಂಡವು. ಬಣ್ಣ ಸರಿ ಇದೆ. ಎಡಗಿವಿ ತೊಳೆಸಬೇಕು ಎಂದರು. ಎತ್ತರ 169.

ಅವ್ವನಿಗೆ ರಜೆ, ಫೋನು, ಊಟದ ಮಾತು ಹೇಳಿದೆ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನಾನು ಓಡಲು ಹೊರಟಾಗ ಎದ್ದು ಹೊರಗಿನ ಲೈಟ್ ಹಾಕಿದಳು. ಅಪ್ಪನಿಗೆ ಎರಡೂ ಅರ್ಜಿಯ ವಿಷಯ ಹೇಳಿದೆ. ಸೆಪ್ಟೆಂಬರ್‌ವರೆಗೆ ಹೊಲದ ಕೆಲಸಕ್ಕೆ ಕರೆಯುವುದಿಲ್ಲ, ಬಿತ್ತನೆಯ ನಾಲ್ಕು ದಿನ ಬಿಟ್ಟು, ಎಂದರು.

ಇವತ್ತಿನ ಓಟ 6 ನಿಮಿಷ 22 ಸೆಕೆಂಡು. ಹವಾಲ್ದಾರ್ ಸರ್, ಒಂದು ಪ್ರಶ್ನೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಬೂಟಿಗೆ ಕೆಜಿಗಟ್ಟಲೆ ಅಂಟುತ್ತದೆ. ಆಗ ಎಲ್ಲಿ ಓಡಲಿ?

ಮಾಜಿ_ಹವಾಲ್ದಾರ
ಹೈಸ್ಕೂಲ್ ಮೈದಾನ ನೋಡು, ಅಲ್ಲಿ ಮೊರಂ ಹಾಕಿಸಿರುತ್ತಾರೆ. ಹೆಡ್‌ಮಾಸ್ಟರ ಹತ್ತಿರ ಹೋಗಿ ಕೇಳು, ಬೆಳಿಗ್ಗೆ ಐದಕ್ಕೆ ಗೇಟು ತೆಗೆಸಿಕೊಡುತ್ತಾರೆ. ಕಿವಿ ಈ ವಾರವೇ ತೊಳೆಸಿಬಿಡು.

ಶಿರಸಿ_ಶಾಲ್ಮಲಾ
ಕ್ಯಾಲ್ಕುಲಸ್‌ನಲ್ಲಿ ತೊಡಕಾದರೆ ಇಲ್ಲೇ ಕೇಳು. ನಾನು ಪಿಯು ಗಣಿತ ಪಾಠ ಮಾಡುತ್ತೇನೆ. ಭಾನುವಾರ ಸಂಜೆ ಬಿಡುವಿರುತ್ತೇನೆ.

ಹಾನಗಲ್_ಹುಡುಗ
ಈ ಭಾನುವಾರವೇ ಕೇಳುತ್ತೇನೆ ಮೇಡಂ. ಲಿಮಿಟ್ಸ್‌ನಿಂದ ಶುರು ಮಾಡಬೇಕು.

ಮಲೆನಾಡ_ಮಿಂಚು
ಮೇಡಂ, ನಾನೂ ಬರುತ್ತೇನೆ.